ನೋವು ಹೋದಮೇಲೂ ಎಂಟು ತಿಂಗಳು

ಹೋದ ಭಾನುವಾರ ಬೆಳಗ್ಗೆ ಧಾರವಾಡದಲ್ಲಿ ಸಣ್ಣ ಹುಡುಗರಿಗೆ ಬೌಲಿಂಗ್ ಹೇಳಿಕೊಡುತ್ತಿದ್ದೆ. ಅವರಲ್ಲೊಬ್ಬ, 14 ವರ್ಷದವನು, ಪ್ರತಿ ಬಾಲ್ ಹಾಕಿದ ಮೇಲೆ ಎಡಗೈಯಿಂದ ಟೊಂಕ ಒತ್ತಿಕೊಳ್ಳುತ್ತಿದ್ದ. ಯಾಕಪ್ಪಾ ಅಂತ ಕೇಳಿದೆ. "ಏನಿಲ್ರೀ ಸರ್, ಹಿಡ್ಕೊಂಡೈತಿ ಅಷ್ಟ" ಅಂದ. ಎಷ್ಟು ದಿನದಿಂದ ಅಂದರೆ "ದಸರಾ ಸೂಟಿಯಿಂದ" ಅಂದ. ನನ್ನ ಎದೆ ಧಸಕ್ ಅಂತು. ಏಳು ವರ್ಷದ ಹಿಂದೆ ನಾನೂ ನಮ್ಮ ಸರ್‌ಗೆ ಇದೇ ಮಾತನ್ನು ಹೆಚ್ಚುಕಡಿಮೆ ಹೀಗೇ ಹೇಳಿದ್ದೆ.

ಸಂಜೆ ಅವರಪ್ಪನಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಮಾತಾಡಿದೆವು. ಹೇಳಬೇಕಾದದ್ದು ಅದರ ಹತ್ತು ಪಟ್ಟು ಉಳಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಆಗಿದ್ದು ಬೆನ್ನೆಲುಬಿನ ಮಣಿಯಲ್ಲಿ ಒಂದು ಸಣ್ಣ ಸೀಳು, ಮತ್ತೆ ಮತ್ತೆ ಭಾರ ಬಿದ್ದು ಬರುವಂಥದ್ದು.

2018ರಲ್ಲಿ ನನಗೆ 16 ವರ್ಷ. ಪಿಯುಸಿ ಮೊದಲ ವರ್ಷ. ಬಲಗೈ ಫಾಸ್ಟ್ ಬೌಲರ್. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೂ ಜಿಟಿಜಿಟಿ ಅಂತಲೇ ಇರುತ್ತದೆ. ಆ ನಾಲ್ಕು ತಿಂಗಳು ನಾನು ಬಾಲ್ ಹಿಡಿದದ್ದೇ ಕಡಿಮೆ. ಅಕ್ಟೋಬರ್‌ನಲ್ಲಿ ಮೈದಾನ ಒಣಗಿತು ನೋಡಿ, ವಾರಕ್ಕೆ ಐದು ದಿನ ನೆಟ್ಸ್, ಶನಿವಾರ ಕಾಲೇಜು ಮ್ಯಾಚು, ಭಾನುವಾರ ಹಳ್ಳಿಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಎಷ್ಟು ಬಾಲ್ ಹಾಕುತ್ತೇನೆ ಅಂತ ಯಾರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ. ಜಾಸ್ತಿ ಹಾಕಿದಷ್ಟು ಒಳ್ಳೆಯದು ಅಂತಲೇ ನಂಬಿದ್ದೆ.

ಈ ನಂಬಿಕೆ ನಮ್ಮ ಕಡೆ ಬರಲು ಒಂದು ಕಾರಣವೂ ಇದೆ. ಇಲ್ಲಿ ಕ್ರಿಕೆಟ್ ಆಡುವ ಪ್ರತಿ ಹುಡುಗನೂ ಗದಗಿನ ಸುನಿಲ್ ಜೋಶಿ ಅವರ ಕಥೆ ಕೇಳಿಯೇ ಬೆಳೆಯುತ್ತಾನೆ. ಬೆಳಗಿನ ಜಾವ ಎದ್ದು ಗದಗಿನಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ತಿರುಗಿ ಹೋಗಿ ಶಾಲೆಗೆ ಕೂರುತ್ತಿದ್ದರು ಅನ್ನುವ ಕಥೆ. ಆಮೇಲೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗೆ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಅವರ ಮೇಲಿನ ಗೌರವ ನನಗೆ ಇಂದಿಗೂ ಹಾಗೇ ಇದೆ. ಆದರೆ ಅವರು ಸ್ಪಿನ್ನರ್. ಅವರ ಹಟ ಕಲಿಯಬೇಕು ನಿಜ. ಅವರ ಓವರ್‌ಗಳ ಲೆಕ್ಕವನ್ನು 16 ವರ್ಷದ ಫಾಸ್ಟ್ ಬೌಲರ್ ಮೈಮೇಲೆ ಹಾಕಿಕೊಳ್ಳಲು ಬರುವುದಿಲ್ಲ.

ನೋವು ಶುರುವಾಗಿದ್ದು ಎಡಗಡೆ, ಬೆಲ್ಟ್ ಕಟ್ಟುವ ಜಾಗದ ಸ್ವಲ್ಪ ಕೆಳಗೆ. ಬಾಲ್ ಬಿಡುವ ಹೊತ್ತಿಗೆ ಎಡಗಾಲು ನೆಲಕ್ಕೆ ಬೀಳುತ್ತದಲ್ಲ, ಆಗ ಚುಚ್ಚುತ್ತಿತ್ತು. ಹಿಂದಕ್ಕೆ ಬಾಗಿದರೆ ಜಾಸ್ತಿ, ಮುಂದಕ್ಕೆ ಬಾಗಿದರೆ ಕಡಿಮೆ, ಮಲಗಿದರೆ ಏನೂ ಇಲ್ಲ. ಅಜ್ಜಿ "ಟೊಂಕ ಹಿಡದೈತಿ, ಎಣ್ಣಿ ಹಚ್ಚಿ ತಿಕ್ಕಿದ್ರ ಹೋಕ್ಕೈತಿ" ಅಂದಳು. ತಿಕ್ಕಿದಳು ಕೂಡ, ಪಾಪ. ಉಳುಕು ತೆಗೆಯುವವರ ಹತ್ತಿರವೂ ಕರೆದುಕೊಂಡು ಹೋದರು. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ನೋವು ಅಂತ ಹತ್ತು ದಿನದ ಗುಳಿಗೆ ಬರೆದುಕೊಟ್ಟರು. ಗುಳಿಗೆ ತಿಂದೆ. ನೋವು ಕಡಿಮೆಯಾಯಿತು. ಮತ್ತೆ ಮ್ಯಾಚಿಗೆ ಹೋದೆ. ಹೀಗೆ ಆರು ವಾರ.

ಈ ಸೀಳು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಿ ಎಲುಬಿನ ಒಳಗಿನ ಊತ ಕಾಣುತ್ತದೆ, ಸೀಳು ಪೂರ್ತಿ ಬೀಳುವ ಮೊದಲೇ ಕಾಣುತ್ತದೆ. ಎಕ್ಸ್‌ರೇ ಚೊಕ್ಕಟ ಬಂದರೆ ಮನೆಯವರೆಲ್ಲ ಉಸ್ಸಪ್ಪಾ ಅಂತ ಕೂರುತ್ತಾರೆ, ಹುಡುಗ ಮತ್ತೆ ಆಡಲು ಹೋಗುತ್ತಾನೆ. ನಮ್ಮನೆಯಲ್ಲಿ ಆಗಿದ್ದೂ ಅದೇ.

ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಎಂಆರ್‌ಐ ಆಯಿತು. ಎಲ್‌5, ಅಂದರೆ ಸೊಂಟದ ಭಾಗದ ಕೊನೆಯ ಮಣಿ, ಎಡಗಡೆ ಸೀಳು. ಈ ಕಾಯಿಲೆ ಅಲ್ಲೇ ಎಲ್ಲಕ್ಕಿಂತ ಜಾಸ್ತಿ ಬರುವುದು. ಡಾಕ್ಟರ್ ಪ್ಲಾಸ್ಟಿಕ್ಕಿನ ಬೆನ್ನೆಲುಬು ತೆಗೆದು ತೋರಿಸಿದರು. ಪ್ರತಿ ಮಣಿಯ ಹಿಂಭಾಗದಲ್ಲಿ ಎರಡೂ ಕಡೆ ಒಂದೊಂದು ಸಣ್ಣ ಎಲುಬಿನ ಸೇತುವೆ. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ. ಪಾರ್ಸ್ ಅನ್ನುತ್ತಾರೆ. ಬೌಲ್ ಮಾಡುವಾಗ ಒಂದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲಿರುತ್ತದೆ, ತಿರುಗುತ್ತಲೂ ಇರುತ್ತದೆ, ಅದೇ ಹೊತ್ತಿಗೆ ಮುಂದಿನ ಕಾಲಿನಿಂದ ಮೈತೂಕದ ಐದಾರು ಪಟ್ಟು ಪೆಟ್ಟು ಮೇಲೆ ಬರುತ್ತದೆ. ಎಲ್ಲ ಸೇರಿ ಬೀಳುವುದು ಆ ಸಣ್ಣ ಸೇತುವೆಯ ಮೇಲೆ. ಬಲಗೈ ಬೌಲರ್‌ಗೆ ಎಡಗಡೆ, ಎಡಗೈಯವರಿಗೆ ಬಲಗಡೆ.

ಹೆಸರು ಸ್ಪಾಂಡಿಲೋಲೈಸಿಸ್. ಮನೆಗೆ ಬಂದು ಹೇಳಿದರೆ ಕಾಕಾ "ನನಗೂ ಅದ ಐತಲ್ಲೋ" ಅಂದರು. ಅವರದ್ದು ಸ್ಪಾಂಡಿಲೈಟಿಸ್, ಕುತ್ತಿಗೆಯದು. ಪಕ್ಕದ ಮನೆಯವರು ಡಿಸ್ಕ್ ಸರಿದಿದೆ ಅಂದರು. ಹೆಸರು ಗೊಂದಲವಾದರೆ ಸಲಹೆಗಳೂ ತಪ್ಪಾಗುತ್ತವೆ. ಡಿಸ್ಕ್ ನೋವಿನವರಿಗೆ ಹಿಂದಕ್ಕೆ ಬಾಗುವ ವ್ಯಾಯಾಮ ಹೇಳುವುದುಂಟು. ನನಗೆ ಆ ಹೊತ್ತಿನಲ್ಲಿ ಅದೇ ವಿಷ. ಯಾರೋ ಭುಜಂಗಾಸನ ಮಾಡು ಅಂದಿದ್ದರು, ಎರಡು ದಿನ ಮಾಡಿಯೂ ಇದ್ದೆ.

ಮೂರು ತಿಂಗಳು ಆಟ ಇಲ್ಲ, ಓಟ ಇಲ್ಲ, ಭಾರ ಎತ್ತುವಂತಿಲ್ಲ, ಹಿಂದಕ್ಕೆ ಬಾಗುವಂತಿಲ್ಲ ಅಂದರು. ಟೊಂಕಕ್ಕೆ ಕಟ್ಟುವ ಬೆಲ್ಟ್ ಕೊಡಲಿಲ್ಲ. ಬೆಲ್ಟ್ ವಿಚಾರದಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತವಿಲ್ಲ, ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಆಟ ನಿಲ್ಲಿಸುವುದು ಮಾತ್ರ ಎಲ್ಲರೂ ಹೇಳುವ ಮಾತು.

ಮೊದಲ ವಾರಗಳು ಸುಲಭ. ಇದನ್ನು ಯಾರೂ ಹೇಳಿರಲಿಲ್ಲ. ನೋವಿದ್ದಾಗ ಮನುಷ್ಯ ತಾನಾಗಿಯೇ ಸುಮ್ನೆ ಇರುತ್ತಾನೆ. ಕಾಲೇಜಿನ ಬೆಂಚಿನ ಮೇಲೆ ಜಾಸ್ತಿ ಹೊತ್ತು ಕೂರಲು ಆಗುತ್ತಿರಲಿಲ್ಲ. ಆಗಷ್ಟೇ ಶುರುವಾಗಿದ್ದ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಫಿಜಿಯೋ ಹತ್ತಿರ ಹೋಗುವಾಗ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ. ಅಪ್ಪನ ಸ್ಕೂಟರ್ ಹತ್ತಿದರೆ ಒಂದೊಂದು ತಗ್ಗಿಗೂ ಜೀವ ಹೋಗುತ್ತಿತ್ತು.

ಐದನೇ ವಾರ ನೋವು ಹೋಯಿತು. ಪೂರ್ತಿ ಹೋಯಿತು.

ನಿಜವಾದ ಕಷ್ಟ ಶುರುವಾದದ್ದು ಆಗ. ನಡೆದರೆ ನೋವಿಲ್ಲ, ಬಾಗಿದರೆ ನೋವಿಲ್ಲ, ಕನ್ನಡಿ ಮುಂದೆ ನಿಂತು ಕೈ ತಿರುಗಿಸಿದರೂ ನೋವಿಲ್ಲ. ಗೆಳೆಯರು "ಈಗ ಆರಾಮ ಅದೀಯಲ್ಲಲೇ, ಬಾ" ಅನ್ನುತ್ತಾರೆ. ಅಪ್ಪನೇ ಒಂದು ದಿನ "ಸುಮ್ನ ಯಾಕ ಕುಂದರತಿ, ಸಣ್ಣಗ ಹಾಕಿ ನೋಡು" ಅಂದರು. ಅವರ ತಪ್ಪಲ್ಲ. ಕೈಮುರಿತ ಆದರೆ ಪ್ಲಾಸ್ಟರ್ ಇರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಇದರಲ್ಲಿ ಹೊರಗಡೆ ಏನೂ ಕಾಣುವುದಿಲ್ಲ. ನನಗೇ ನಾನು ನಾಟಕ ಮಾಡುತ್ತಿದ್ದೇನಾ ಅನ್ನಿಸಲು ಶುರುವಾಗಿತ್ತು.

ಫಿಜಿಯೋ ಮೇಡಂ ಮಾತ್ರ ಪ್ರತಿ ಸಲ ಒಂದೇ ಮಾತು. "ನೋವು ಇಲ್ಲ ಅಂದ್ರ ಎಲುಬು ಕೂಡೇತಿ ಅಂತಲ್ಲಪಾ."

ಒಂಬತ್ತನೇ ವಾರ, 2019ರ ಫೆಬ್ರವರಿಯಲ್ಲಿ, ಅಣ್ಣಿಗೇರಿಯ ಅಜ್ಜಿ ಮನೆಗೆ ಹೋಗುತ್ತೇನೆ ಅಂತ ಹೇಳಿ ಹೋಗಿ ಪಕ್ಕದ ಹಳ್ಳಿಯ ಟೂರ್ನಮೆಂಟಿನಲ್ಲಿ ಆಡಿದೆ. ಆರು ಓವರ್. ಮೂರು ವಿಕೆಟ್ ಬಂದವು. ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಎಡಗಡೆ ಸಣ್ಣಗೆ ಮಿಡಿಯಿತು. ಎರಡನೇ ದಿನ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಯಿತು.

ಎರಡನೇ ಎಂಆರ್‌ಐಯಲ್ಲಿ ಎಡಗಡೆ ಊತ ಮೊದಲಿನಷ್ಟೇ ಇತ್ತು, ಬಲಗಡೆಯೂ ಸ್ವಲ್ಪ ಶುರುವಾಗಿತ್ತು. ಎರಡೂ ಕಡೆ ಸೇತುವೆ ಮುರಿದರೆ ಆ ಮಣಿ ನಿಧಾನಕ್ಕೆ ಮುಂದಕ್ಕೆ ಜಾರುವ ಭಯ ಇರುತ್ತದೆ, ಬೆಳೆಯುವ ವಯಸ್ಸಿನಲ್ಲಿ ಅದನ್ನು ಕಣ್ಣಿಟ್ಟು ನೋಡಬೇಕು ಅಂದರು. ಡಾಕ್ಟರ್ ಬೈಯಲಿಲ್ಲ. ಅವ್ವ ಹೊರಗೆ ಬಂದು ಅತ್ತಳು. ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಯಿತು.

ಯಾಕೆ ಇಷ್ಟು ದಿನ ಬೇಕು ಅನ್ನುವುದು ನನಗೆ ಅರ್ಥವಾದದ್ದು ಅಜ್ಜಿಯ ಮನೆಯಿಂದಲೇ. ಅವಳದ್ದು ಹಳೇ ಮೇಲ್ಮುದ್ದಿ ಮನೆ, ಅಂದರೆ ಮಣ್ಣಿನ ಮಾಳಿಗೆಯದು. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಹಳೇ ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಕೆರೆದ ಮೇಲೆ, ಹೊಸದು ಹಾಕುವ ಮೊದಲು, ಒಂದು ಅಡ್ಡಮಳೆ ಬಂದರೆ ಮನೆಯೆಲ್ಲ ಸೋರುತ್ತದೆ. ಎಲುಬೂ ಹಾಗೇ. ಅದು ಕಲ್ಲಲ್ಲ, ಹಳೇದನ್ನು ತೆಗೆದು ಹೊಸದು ಹಾಕಿಕೊಳ್ಳುತ್ತಲೇ ಇರುತ್ತದೆ. ಹೊಸ ಭಾರ ಬಿದ್ದಾಗ ಮೊದಲು ಕೆರೆಯುವ ಕೆಲಸ, ಆಮೇಲೆ ತುಂಬುವ ಕೆಲಸ. ಕೆರೆಯಲು ಕೆಲವು ವಾರ ಸಾಕು. ತುಂಬಿ ಗಟ್ಟಿಯಾಗಲು ತಿಂಗಳುಗಳು ಬೇಕು. ನಾನು ಅಕ್ಟೋಬರ್‌ನಲ್ಲಿ ಮಾಡಿದ್ದು, ಫೆಬ್ರವರಿಯಲ್ಲಿ ಮಾಡಿದ್ದು, ಎರಡೂ ಕೆರೆದಿಟ್ಟ ಮಾಳಿಗೆಯ ಮೇಲೆ ಸುರಿದ ಮಳೆಯೇ.

ಈ ಸಲ ನಿಯತ್ತಾಗಿ ಇದ್ದೆ. ಮೊದಲು ಉಸಿರಾಟ, ಮಲಗಿಕೊಂಡು ಹೊಟ್ಟೆ ಬಿಗಿ ಹಿಡಿಯುವುದು, ಆಮೇಲೆ ಡೆಡ್ ಬಗ್, ಬರ್ಡ್ ಡಾಗ್, ಸೈಡ್ ಪ್ಲ್ಯಾಂಕ್ ಅನ್ನುವ, ಹೊಟ್ಟೆ ಬೆನ್ನು ಗಟ್ಟಿ ಮಾಡುವ ವ್ಯಾಯಾಮಗಳು. ನೋಡಲು ಏನೂ ಅಲ್ಲ, ಸರಿಯಾಗಿ ಮಾಡಿದರೆ ಮೈಯೆಲ್ಲ ನಡುಗುತ್ತದೆ. ತೊಡೆಯ ಹಿಂಭಾಗ ನನ್ನದು ಹಗ್ಗದ ಹಾಗೆ ಬಿಗಿಯಾಗಿತ್ತು, ಈ ಕಾಯಿಲೆಯವರಲ್ಲಿ ಅದು ಸಾಮಾನ್ಯ. ಪೃಷ್ಠದ ಸ್ನಾಯು ಬರೀ ಹೆಸರಿಗೆ ಇತ್ತು. ದಿನಾ ಸಂಜೆ ಕೆಲಗೇರಿ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಶನಿವಾರ ನುಗ್ಗೀಕೇರಿ ಹನುಮಪ್ಪನ ಹತ್ತಿರ ಅವ್ವನ ಜೊತೆ ಹೋಗುತ್ತಿದ್ದೆ, ಅವಳಿಗೆ ಹರಕೆ, ನನಗೆ ಅದೂ ನಡಿಗೆ. ನಾಲ್ಕನೇ ತಿಂಗಳು ಸಣ್ಣಗೆ ಓಟ.

ಊಟದ ವಿಷಯ ಸ್ವಲ್ಪ ಹೇಳಬೇಕು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂತು. ಇಡೀ ದಿನ ಬಿಸಿಲಲ್ಲಿ ಇರುವವನಿಗೆ ಹೇಗೆ ಅಂತ ನನಗೂ ಆಶ್ಚರ್ಯ. ಡಾಕ್ಟರ್ ಬರೆದುಕೊಟ್ಟಷ್ಟು ತೆಗೆದುಕೊಂಡೆ. ಕ್ಯಾಲ್ಸಿಯಂ ಲೆಕ್ಕ ನೋಡಿದರೆ ನಮ್ಮ ಜೋಳದಲ್ಲಿ 100 ಗ್ರಾಂಗೆ 30 ಮಿಲಿಗ್ರಾಂ ಕೂಡ ಇಲ್ಲ, ರಾಗಿಯಲ್ಲಿ ಸುಮಾರು 350 ಇದೆ. ರೊಟ್ಟಿ ಬಿಡುವ ಮಾತೇ ಇಲ್ಲ. ಅವ್ವ ಬೆಳಗ್ಗೆ ರಾಗಿ ಅಂಬಲಿ ಶುರು ಮಾಡಿದಳು, ರಾತ್ರಿ ಹಾಲು, ರೊಟ್ಟಿ ಜೊತೆ ಎಳ್ಳಿನ ಚಟ್ನಿ.

ಫಿಜಿಯೋ ಹತ್ತಿರ ಹಾವೇರಿ ಕಡೆಯ ಒಬ್ಬ ಹುಡುಗಿ ಬರುತ್ತಿದ್ದಳು, ಹೈಜಂಪ್ ಆಡುವವಳು. ಅವಳದ್ದೂ ಎಲ್‌5. ಮೈ ಹಗುರ ಇರಬೇಕು ಅಂತ ಅರ್ಧ ಹೊಟ್ಟೆ ಉಣ್ಣುತ್ತಿದ್ದಳಂತೆ, ಐದು ತಿಂಗಳಿಂದ ಮುಟ್ಟು ನಿಂತಿತ್ತಂತೆ. ಅದನ್ನು ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಓಡುವಷ್ಟು, ಹಾರುವಷ್ಟು ಊಟ ಸಿಗದಿದ್ದರೆ ಮೈ ಮೊದಲು ಇಂಥ ಕೆಲಸಗಳನ್ನು ನಿಲ್ಲಿಸುತ್ತದೆ, ಎಲುಬಿನ ಬಲವೂ ಕಡಿಮೆಯಾಗುತ್ತದೆ. ಮಗಳು ಆಟ ಆಡುತ್ತಿದ್ದರೆ ತಾಯಂದಿರು ದಯವಿಟ್ಟು ಇದನ್ನು ಕೇಳಿ. ನಾಚಿಕೆಯ ಮಾತಲ್ಲ. ಜಿಮ್ನಾಸ್ಟಿಕ್ಸ್, ಕುಸ್ತಿ, ವೇಟ್‌ಲಿಫ್ಟಿಂಗ್, ಜಾವೆಲಿನ್, ವಾಲಿಬಾಲ್, ಬೆನ್ನು ಹಿಂದಕ್ಕೆ ಬಾಗಿ ತಿರುಗುವ ಎಲ್ಲ ಆಟದಲ್ಲೂ ಈ ಸೀಳು ಬರುತ್ತದೆ. ಕ್ರಿಕೆಟ್ಟಿಗೆ ಮಾತ್ರ ಅಲ್ಲ.

ಆರನೇ ತಿಂಗಳು ಸಿಟಿ ಸ್ಕ್ಯಾನ್ ಮಾಡಿದರು. ಬಲಗಡೆ ಶುರುವಾಗಿದ್ದು ಪೂರ್ತಿ ಹೋಗಿತ್ತು, ಎಡಗಡೆ ಬಹುಪಾಲು ಕೂಡಿತ್ತು. ಬೇಗ ಹಿಡಿದರೆ ಕೂಡುವ ಸಾಧ್ಯತೆ ಜಾಸ್ತಿ, ಹಳೇದಾಗಿ ಅಂಚುಗಳು ಗಟ್ಟಿಯಾದರೆ ಕೂಡುವುದು ಕಷ್ಟ. ಹಾಗಂತ ಕೂಡದವರೆಲ್ಲ ಆಟ ಬಿಡಬೇಕಿಲ್ಲ. ಸೀಳು ಹಾಗೇ ಉಳಿದು, ಸುತ್ತಲಿನ ಸ್ನಾಯು ಗಟ್ಟಿ ಮಾಡಿಕೊಂಡು, ನೋವಿಲ್ಲದೆ ಆಡುವವರು ಬಹಳ ಮಂದಿ ಇದ್ದಾರೆ.

2019ರ ಆಗಸ್ಟ್‌ನಲ್ಲಿ ಮತ್ತೆ ಬಾಲ್ ಹಿಡಿದೆ. ಹೊರಗೆ ಮಳೆ, ಕಾಲೇಜಿನ ಪಡಸಾಲೆಯಲ್ಲಿ ನಿಂತಲ್ಲೇ ನಿಂತು 12 ಬಾಲ್. ಅರ್ಧ ವೇಗ. ವಾರಕ್ಕೆ ಮೂರು ದಿನ, ಎರಡು ದಿನ ಒಟ್ಟೊಟ್ಟಿಗೆ ಇಲ್ಲ. ಆಮೇಲೆ ನಾಲ್ಕು ಹೆಜ್ಜೆ, ಆಮೇಲೆ ಅರ್ಧ ರನಪ್. ಬಾಲ್ ಹಾಕಿದ ದಿನದ ನೋವಿಗಿಂತ ಮರುದಿನ ಬೆಳಗಿನ ನೋವು ಮುಖ್ಯ ಅಂತ ಮೇಡಂ ಹೇಳಿದ್ದರು, ಅದಕ್ಕೆ ಒಂದು 100 ಪುಟದ ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಡುತ್ತಿದ್ದೆ. ಎಷ್ಟು ಬಾಲ್, ಮರುದಿನ ಎದ್ದಾಗ ಹೇಗಿತ್ತು. ಆಕ್ಷನ್ನೂ ಸ್ವಲ್ಪ ಬದಲಾಯಿತು. ಮೊದಲು ನನ್ನ ಸೊಂಟ ಒಂದು ದಿಕ್ಕಿಗೆ, ಭುಜ ಒಂದು ದಿಕ್ಕಿಗೆ ಇರುತ್ತಿತ್ತು, ಮಿಕ್ಸ್ಡ್ ಆಕ್ಷನ್ ಅನ್ನುತ್ತಾರಲ್ಲ, ಅದು. ಅದನ್ನು ಸರಿ ಮಾಡಲು ಮೂರು ತಿಂಗಳು ಹಿಡಿಯಿತು.

ಆ ಸೆಪ್ಟೆಂಬರ್‌ನಲ್ಲೇ ಭಾರತದ ಫಾಸ್ಟ್ ಬೌಲರ್ ಬುಮ್ರಾ ಅವರಿಗೆ ಬೆನ್ನಿನ ಕೆಳಭಾಗದಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಇಂಥದ್ದೇ ಸೀಳು, ಆಗಿದೆ ಅನ್ನುವ ಸುದ್ದಿ ಬಂತು. ಆಗ ಮೊದಲ ಸಲ ಮನೆಯಲ್ಲಿ ನನ್ನ ಕಾಯಿಲೆಯನ್ನು ಎಲ್ಲರೂ ನಂಬಿದರು ಅನ್ನಿಸುತ್ತದೆ. ಅವರಿಗೆ 2022ರಲ್ಲಿ ಮತ್ತೆ ಬಂತು, 2023ರ ಮಾರ್ಚ್‌ನಲ್ಲಿ ಆಪರೇಷನ್ ಆಯಿತು, ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಮರಳಿ ಆಡಿದರು. ಅದೇ ಸರಣಿಯಲ್ಲಿ ನಮ್ಮ ಕರ್ನಾಟಕದ ಫಾಸ್ಟ್ ಬೌಲರ್ ಪ್ರಸಿದ್ಧ್ ಕೃಷ್ಣ ಕೂಡ ಇಂಥದ್ದೇ ಗಾಯದಿಂದ ವಾಪಸ್ ಬಂದವರು. ನಾನು ಜಾಸ್ತಿ ನೆನೆಯುತ್ತಿದ್ದದ್ದು ಆಸ್ಟ್ರೇಲಿಯಾದ ಫಾಸ್ಟ್ ಬೌಲರ್ ಪ್ಯಾಟ್ ಕಮಿನ್ಸ್ ಅವರನ್ನು. 2011ರಲ್ಲಿ 18ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿದರು, ಎರಡನೇ ಟೆಸ್ಟ್ ಆಡಿದ್ದು 2017ರಲ್ಲಿ, ರಾಂಚಿಯಲ್ಲಿ. ನಡುವೆ ಬೆನ್ನು ಮತ್ತೆ ಮತ್ತೆ ಕೈಕೊಟ್ಟಿತು. ಐದು ವರ್ಷಕ್ಕೂ ಜಾಸ್ತಿ. ರಾತ್ರಿ ನಿದ್ದೆ ಬರದಾಗ ಆ ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಡಿಸೆಂಬರ್‌ನಲ್ಲಿ ಮೊದಲ ಮ್ಯಾಚು, ನಾಲ್ಕು ಓವರ್. ಸೀಳು ಗೊತ್ತಾಗಿ ಸರಿಯಾಗಿ ಒಂದು ವರ್ಷ. ಮರುವರ್ಷ ಲಾಕ್‌ಡೌನ್ ಬಂತು, ಎಲ್ಲರ ಆಟವೂ ನಿಂತಿತು. ಆಗ ಐಸಿಸಿ ಹೊರಡಿಸಿದ ಸಲಹೆಯಲ್ಲಿ ಟೆಸ್ಟ್‌ಗೆ ಮರಳುವ ಬೌಲರ್‌ಗಳಿಗೆ 8ರಿಂದ 12 ವಾರದ ತಯಾರಿ ಬೇಕು ಅಂತ ಇತ್ತು. ಅದು ದೊಡ್ಡವರಿಗೆ, ಬೆಳೆದ ಎಲುಬಿನವರಿಗೆ ಹೇಳಿದ್ದು. ನಮ್ಮ ಹುಡುಗರು ಪ್ರತಿ ವರ್ಷ ಮಳೆ ಮುಗಿದ ಮರುವಾರವೇ ಪೂರ್ತಿ ವೇಗದಲ್ಲಿ ಶುರು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 15 ವರ್ಷದೊಳಗಿನ ಫಾಸ್ಟ್ ಬೌಲರ್ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಒಂದೇ ಸಲಕ್ಕೆ, 6 ಓವರ್, ದಿನಕ್ಕೆ 12 ಓವರ್‌ಗಿಂತ ಜಾಸ್ತಿ ಹಾಕುವಂತಿಲ್ಲ. ನಮ್ಮ ಹಳ್ಳಿ ಟೂರ್ನಮೆಂಟುಗಳಲ್ಲಿ ಒಬ್ಬನೇ ಹುಡುಗ ಬೆಳಗ್ಗೆಯಿಂದ ಸಂಜೆವರೆಗೆ ಮೂರು ಮ್ಯಾಚು ಆಡುತ್ತಾನೆ. ಎಣಿಸುವುದಕ್ಕೆ ದುಡ್ಡು ಬೇಕಾಗಿಲ್ಲ. ಒಂದು ಪೆನ್ನು ಸಾಕು. ಇದನ್ನು ನಾನು ಎಲ್ಲ ಕೋಚ್‌ಗಳ ಹತ್ತಿರ ಕೈಮುಗಿದು ಕೇಳುತ್ತೇನೆ.

ಅಂಡರ್-19 ಆಯ್ಕೆಯ ವರ್ಷಗಳು ನನಗೆ ಹೋದವು. ಅದರ ಬೇಸರ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ನಾಲ್ಕನೇ ವರ್ಷದಲ್ಲಿ ಒಮ್ಮೆ ಮೇಲಿನ ಮಣಿ, ಎಲ್‌4 ಹತ್ತಿರ ಮಿಡಿಯಿತು. ಆ ದಿನವೇ ನಿಲ್ಲಿಸಿದೆ, ಎಂಆರ್‌ಐಯಲ್ಲಿ ಬರೀ ಊತ, ಸೀಳು ಇರಲಿಲ್ಲ, ಹತ್ತು ವಾರದಲ್ಲಿ ಮುಗಿಯಿತು. ಈಗ 23. ಸೈಡ್ ಪ್ಲ್ಯಾಂಕ್ ಇನ್ನೂ ಬಿಟ್ಟಿಲ್ಲ.

ಆ ಹುಡುಗನ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು. 18ರೊಳಗಿನ ಆಟಗಾರನಿಗೆ ಎರಡು ಮೂರು ವಾರ ಮೀರಿ ಟೊಂಕ ನೋಯುತ್ತಿದ್ದರೆ, ಅದೂ ಒಂದೇ ಕಡೆ, ಹಿಂದಕ್ಕೆ ಬಾಗಿದಾಗ, ಆಟ ಇವತ್ತೇ ನಿಲ್ಲಿಸಿ, ಮೂಳೆ ಡಾಕ್ಟರ್‌ಗೆ ತೋರಿಸಿ, ಹುಡುಗ ಫಾಸ್ಟ್ ಬೌಲರ್ ಅಂತ ಮೊದಲೇ ಹೇಳಿ, ಎಕ್ಸ್‌ರೇ ಸರಿ ಇದ್ದರೂ ಎಂಆರ್‌ಐ ಬೇಕಾ ಅಂತ ಕೇಳಿ. ಕಾಲು ಜೋಮು ಹಿಡಿದರೆ, ಶಕ್ತಿ ಹೋದಂತಾದರೆ, ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ. ಅವರು ಎಲ್ಲ ಕೇಳಿ, "ಮುಂದಿನ ವಾರ ಅವಂದು ಸೆಮಿಫೈನಲ್ ಐತ್ರೀ" ಅಂದರು. ನಾನು ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆತ್ರೀ" ಅಂದರು. ಗುರುವಾರ ಹುಬ್ಬಳ್ಳಿಗೆ ಹೊರಟಿದ್ದಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.

ನನ್ನ ನೋಟ್‌ಬುಕ್ಕು ಈಗ ನಾಲ್ಕನೆಯದು. ಸೋಮವಾರ 36 ಬಾಲ್. ಮಂಗಳವಾರ ಬೆಳಗ್ಗೆ ಎದ್ದಾಗ ಎಡಗಡೆ ಏನೂ ಇರಲಿಲ್ಲ.